ಪಾದರಸ: ಒಂದು ಹೋಲಿಕೆಯ ಹಿಂದಿನ ಲೋಹ

ನಮ್ಮ ಮನೆ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿದೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಚುರುಕಾದವರನ್ನ ಕನ್ನಡದಲ್ಲಿ ‘ಪಾದರಸದಂತೆ’ ಅಂತ ಹೊಗಳ್ತೀವಿ. ಈ ಹೋಲಿಕೆಗೆ ಆಧಾರವಾದ ಗುಣ ಆ ಲೋಹಕ್ಕೆ ಎಲ್ಲಿಂದ ಬಂತು ಅನ್ನೋದು ಇವತ್ತಿನ ನನ್ನ ವಿಷಯ.

ಲೋಹದ ಪರಮಾಣುಗಳು ತಮ್ಮ ಹೊರಗಿನ ಎಲೆಕ್ಟ್ರಾನುಗಳನ್ನು ಎಲ್ಲರ ಆಸ್ತಿಯಂತೆ ಹಂಚಿಕೊಳ್ಳುತ್ತವೆ. ಆ ಹಂಚಿಕೆಯೇ ಅವುಗಳನ್ನು ಹಿಡಿದಿಡುವ ಬಂಧ. ಬಂಧ ಬಿಗಿಯಾದಷ್ಟೂ ಕರಗಿಸಲು ಹೆಚ್ಚು ಶಾಖ ಬೇಕು. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆವರ್ತಕ ಕೋಷ್ಟಕದಲ್ಲಿ ಅದರ ಪಕ್ಕದಲ್ಲೇ ಇರುವ ಪಾದರಸ ಮೈನಸ್ 39 ಡಿಗ್ರಿಗೇ ಕರಗಿಬಿಡುತ್ತದೆ. ಯಾಕೆ?

ಪಾದರಸದ ಪರಮಾಣು ಬೀಜದಲ್ಲಿ 80 ಪ್ರೋಟಾನುಗಳಿವೆ. ಅವುಗಳ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ದಾಟುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಇದರಿಂದ ಕಕ್ಷೆಗಳು ಕುಗ್ಗುತ್ತವೆ. ಹೊರಗಿನ ಎರಡು ಎಲೆಕ್ಟ್ರಾನುಗಳೂ ಒಳಕ್ಕೆ ಸರಿಯುತ್ತವೆ. ಅವು ಈಗಾಗಲೇ ಜೋಡಿಯಾಗಿವೆ, ಹಂಚಿಕೆಗೆ ಸುಲಭವಾಗಿ ಸಿಗೋದಿಲ್ಲ. ಚಿನ್ನದಲ್ಲಿ ಅಲ್ಲಿ ಇರೋದು ಒಂದೇ, ಹಾಗಾಗಿ ಬಂಧ ಕೂಡುತ್ತದೆ. 2013ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ಸಾಪೇಕ್ಷತೆಯ ಈ ಪರಿಣಾಮ ಪಾದರಸದ ಕರಗುವ ಬಿಂದುವನ್ನು ಸುಮಾರು 105 ಡಿಗ್ರಿ ಇಳಿಸಿದೆ. ಅದಿಲ್ಲದಿದ್ದರೆ ಪಾದರಸ ನಮ್ಮ ಕೈಯಲ್ಲಿ ಗಟ್ಟಿಯಾಗೇ ಇರುತ್ತಿತ್ತು.

ಗ್ಯಾಲಿಯಂ ಕರಗುವುದು 29.8 ಡಿಗ್ರಿಯಲ್ಲಿ. ಕೊಡೈಕೆನಾಲಿನ ಚಳಿಯಲ್ಲಿ ಅದು ಗಟ್ಟಿ, ಕಂಬಂನ ಏಪ್ರಿಲ್ ಮಧ್ಯಾಹ್ನದಲ್ಲಿ ದ್ರವ. ಪಾದರಸ ಮಾತ್ರ ಎರಡೂ ಕಡೆ ದ್ರವವೇ.

ಆದರೆ ಬಂಧ ಸಡಿಲವಾಗಿರುವುದಕ್ಕೆ ಇನ್ನೊಂದು ಫಲವೂ ಇದೆ: ಪಾದರಸ ಕುದಿಯದೆಯೇ ಆವಿಯಾಗುತ್ತದೆ. 20 ಡಿಗ್ರಿಯಲ್ಲೂ ಒಂದು ಘನ ಮೀಟರ್ ಗಾಳಿ ಸುಮಾರು 13 ಮಿಲಿಗ್ರಾಂ ಆವಿಯನ್ನು ಹಿಡಿಯಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗುತ್ತದೆ.

ನಮ್ಮ ಪಕ್ಕದ ದಿಂಡಿಗಲ್ ಜಿಲ್ಲೆಗೆ ಸೇರಿದ ಕೊಡೈಕೆನಾಲಿನಲ್ಲಿ ಹಿಂದೂಸ್ತಾನ್ ಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆ ಇತ್ತು. ಪಾದರಸ ಮೆತ್ತಿದ ಗಾಜಿನ ಚೂರುಗಳು ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕ ಮೇಲೆ, 2001ರ ಮಾರ್ಚ್‌ನಲ್ಲಿ ಅದು ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಗಾಜಿನ ತ್ಯಾಜ್ಯ ಅಮೆರಿಕಕ್ಕೆ ಹೋಯಿತು. ಕಾರ್ಮಿಕರಿಗೆ ಆರೋಗ್ಯಹಾನಿಯಾಗಿದೆ ಅನ್ನೋದನ್ನ ಕಂಪನಿ ಒಪ್ಪಲಿಲ್ಲ. ಆದರೂ ದೀರ್ಘ ಹೋರಾಟದ ನಂತರ, 2016ರಲ್ಲಿ 591 ಮಾಜಿ ಕಾರ್ಮಿಕರ ವಿಷಯದಲ್ಲಿ ಒಪ್ಪಂದವಾಯಿತು.

ನಮ್ಮ ರಸಶಾಸ್ತ್ರದವರು ಪಾದರಸವನ್ನು ‘ಕಟ್ಟುವ’ ಮಾತಾಡ್ತಾರೆ. ಗಂಧಕದ ಜೊತೆ ಅರೆದರೆ ಅದು ಕಪ್ಪು ಪುಡಿಯಾಗುತ್ತದೆ, ಅದೇ ಕಜ್ಜಲಿ. ತನ್ನವರ ಜೊತೆ ಸಡಿಲವಾಗಿರುವ ಪಾದರಸಕ್ಕೆ ಗಂಧಕದ ಜೊತೆ ಬಿಗಿ ನಂಟು. ನಮ್ಮ ಮೈಯ ಪ್ರೋಟೀನುಗಳಲ್ಲೂ ಗಂಧಕ ಇದೆ ನೋಡಿ. ಒಳಗೆ ಹೋದ ಪಾದರಸ ಅದನ್ನೇ ಹಿಡಿದುಕೊಂಡು ನರಗಳಿಗೆ, ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ.

‘ಪಾದರಸದಂತೆ’ ಅನ್ನೋ ಮಾತನ್ನ ಬಿಡಿ ಅಂತ ನಾನು ಹೇಳ್ತಿಲ್ಲ. ಆದರೆ ನಾವು ಹೊಗಳುವ ಚುರುಕು ಮತ್ತು ಆ ಕಾರ್ಮಿಕರು ಭಯಪಟ್ಟ ಆವಿ, ಎರಡೂ ಒಂದೇ ಸಡಿಲ ಬಂಧದಿಂದ ಬಂದವು. ನಮ್ಮ ಹೋಲಿಕೆ ಅದರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡಿದೆ. ಪ್ರಶ್ನೆಗಳಿದ್ದರೆ ಕೇಳಿ.