ಒಂದೇ ಮ್ಯಾಟ್, ಎರಡು ವರ್ಗ: ಅಂಧರ ಜೂಡೊದಲ್ಲಿ ನ್ಯಾಯದ ಪ್ರಶ್ನೆ

ಎಂಟನೇ ತರಗತಿಯ ಅಭ್ಯಾಸ ಬೋಧನೆಗೆ ನಾನು ಬರೆದ ಪಾಠಯೋಜನೆಯಲ್ಲಿ ‘ದೃಷ್ಟಿದೋಷವುಳ್ಳ ಮಕ್ಕಳು: 2’ ಎಂದಿತ್ತು. ಇಬ್ಬರಿಗೂ ದೊಡ್ಡ ಅಕ್ಷರದ ಹಾಳೆ ಸಿದ್ಧಮಾಡಿದ್ದೆ. ಹುಡುಗ ಅದನ್ನು ಮೂಗಿನ ಹತ್ತಿರ ಹಿಡಿದು ಓದಿದ. ಹುಡುಗಿ ಮಡಚಿ ಬೆಂಚಿನ ಮೇಲಿಟ್ಟಳು. ಅವಳಿಗೆ ಬೆಳಕು-ಕತ್ತಲೆ ಮಾತ್ರ ತಿಳಿಯುತ್ತಿತ್ತು. ಇಂಥದೇ ತಪ್ಪು ಅಂಧರ ಜೂಡೊದಲ್ಲಿ ಮೂರು ದಶಕ ನಡೆದಿತ್ತು ಎಂದು ಆಮೇಲೆ ಓದಿ ತಿಳಿದೆ.

ಜೂಡೊ 1988ರ ಸಿಯೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸೇರಿತು. ಮಹಿಳೆಯರು 2004ರ ಅಥೆನ್ಸ್‌ವರೆಗೆ ಕಾಯಬೇಕಾಯಿತು. ನಿಯಮಗಳು ಬಹುಮಟ್ಟಿಗೆ ಸಾಮಾನ್ಯ ಜೂಡೊದವೇ, ಮುಖ್ಯ ವ್ಯತ್ಯಾಸ ಆರಂಭದಲ್ಲಿದೆ. ಸಾಮಾನ್ಯ ಜೂಡೊದಲ್ಲಿ ಇಬ್ಬರೂ ದೂರ ನಿಂತು, ಎದುರಾಳಿಯ ಕೈ ತಪ್ಪಿಸುತ್ತ, ಅಂಗಿ ಹಿಡಿಯಲು ಹೊಂಚುಹಾಕುತ್ತಾರೆ. ಇದು ಕಣ್ಣಿನ ಕೆಲಸ. ಅಂಧರ ಜೂಡೊದಲ್ಲಿ ಪರಸ್ಪರರ ಅಂಗಿ ಹಿಡಿದುಕೊಂಡ ಮೇಲೆಯೇ ಪಂದ್ಯ ಶುರು. ಹಿಡಿತ ಪೂರ್ತಿ ತಪ್ಪಿದರೆ ರೆಫರಿ ‘ಮತೆ’ ಎಂದು ನಿಲ್ಲಿಸಿ ಮರಳಿ ಹಿಡಿಸುತ್ತಾರೆ. (ಜಪಾನಿ ಭಾಷೆಯಲ್ಲಿ ಅದಕ್ಕೆ ‘ತಡೆ’ ಎಂದರ್ಥ. ನಮ್ಮ ಕಿವಿಗೆ ‘ಮತ್ತೆ’ ಎಂದು ಕೇಳಿದರೂ ಸರಿಹೋಗುತ್ತದೆ!) ಹಿಡಿತವಿದ್ದರೆ ಎದುರಾಳಿಯ ಭಾರ ಯಾವ ಕಾಲಿಗೆ ಸರಿಯಿತು ಎಂಬುದನ್ನು ಕೈಯೇ ಹೇಳುತ್ತದೆ.

ಹೀಗಾಗಿ ಕಣ್ಣಿನ ಪ್ರಶ್ನೆ ಮುಗಿಯಿತು ಎಂದುಕೊಂಡು, ಪೂರ್ಣ ಅಂಧರನ್ನೂ ಅಲ್ಪದೃಷ್ಟಿಯವರನ್ನೂ ತೂಕ ನೋಡಿ ಒಟ್ಟಿಗೇ ಆಡಿಸಲಾಗುತ್ತಿತ್ತು. ಆದರೆ ಅಷ್ಟಿಷ್ಟು ಕಾಣುವವನಿಗೆ ಎದುರಾಳಿಯ ಸೊಂಟ ತಿರುಗುವುದು, ಕಾಲು ಬೀಸಿ ಬರುವುದು ನೆರಳಿನಂತಾದರೂ ಕಾಣುತ್ತದೆ. ಕಾಣದವನಿಗೆ ಅದು ಅಂಗಿಯ ಎಳೆತವಾಗಿ ಕೈಗೆ ಬಂದಾಗಲೇ ಗೊತ್ತು. ಕಲಿಕೆಯಲ್ಲೂ ಅಂತರವಿದೆ: ಒಬ್ಬ ಪಟ್ಟನ್ನು ಸ್ವಲ್ಪ ನೋಡಿ ಕಲಿಯುತ್ತಾನೆ, ಇನ್ನೊಬ್ಬ ಪೂರ್ತಿ ಮುಟ್ಟಿಯೇ ಕಲಿಯಬೇಕು. ಪೂರ್ಣ ಅಂಧರಿಗೆ ತಮ್ಮ ಸಂಖ್ಯೆಗೆ ತಕ್ಕಷ್ಟು ಪದಕಗಳು ಸಿಗುತ್ತಿರಲಿಲ್ಲ.

2022ರಿಂದ ಎರಡು ವರ್ಗಗಳಾದವು. ಪೂರ್ಣ ಅಥವಾ ಬಹುತೇಕ ಪೂರ್ಣ ಅಂಧರು ಜೆ1, ಅಲ್ಪದೃಷ್ಟಿಯವರು ಜೆ2. 2024ರ ಪ್ಯಾರಿಸ್‌ನಲ್ಲಿ ಮಧ್ಯಪ್ರದೇಶದ ಕಪಿಲ್ ಪರ್ಮಾರ್ ಕಂಚು ಗೆದ್ದದ್ದು ಜೆ1ರ 60 ಕಿಲೋ ವಿಭಾಗದಲ್ಲಿ. ಅದು ಪ್ಯಾರಾಲಿಂಪಿಕ್ಸ್ ಜೂಡೊದಲ್ಲಿ ಭಾರತದ ಮೊದಲ ಪದಕ.

ಆದರೆ ಪದಕ ಸ್ಪರ್ಧೆಗಳನ್ನು ಬೇಕಾದಷ್ಟು ಹೆಚ್ಚಿಸಲು ಬರುವುದಿಲ್ಲ. ಟೋಕಿಯೊದಲ್ಲಿ ಪುರುಷರಿಗೆ 7, ಮಹಿಳೆಯರಿಗೆ 6 ತೂಕ ವಿಭಾಗಗಳಿದ್ದವು. ಪ್ಯಾರಿಸ್‌ನಲ್ಲಿ ತಲಾ 4 ಉಳಿದವು. ಎರಡು ವರ್ಗ ಸೇರಿ ಒಟ್ಟು 16 ಸ್ಪರ್ಧೆ. ಪುರುಷರ 66, 81, 100 ಕಿಲೋ ಮಿತಿಗಳು ಹೋದವು. 66 ಕಿಲೋದವನು ಅಲ್ಲಿ 73ರವನನ್ನು ಎದುರಿಸಬೇಕಾಯಿತು, ಇಲ್ಲವೇ 60ಕ್ಕೆ ಇಳಿಯಬೇಕಾಯಿತು. ಜೂಡೊದಲ್ಲಿ ಏಳು ಕಿಲೋ ಸಣ್ಣದಲ್ಲ. ಒಂದು ಅನ್ಯಾಯ ಸರಿಪಡಿಸಲು ಹೋಗಿ ಇನ್ನೊಂದಕ್ಕೆ ಎಡೆಯಾಯಿತು. ಆದರೂ ಬದಲಾವಣೆ ಸರಿಯೆಂದೇ ನನ್ನ ಅಭಿಪ್ರಾಯ: ತೂಕವನ್ನು ಸ್ವಲ್ಪವಾದರೂ ಏರಿಸಬಹುದು, ಇಳಿಸಬಹುದು, ದೃಷ್ಟಿಯನ್ನು ಹಾಗೆ ಮಾಡಲಾಗದು.

ಮುಂದಿನ ಪಾಠಕ್ಕೆ ಯೋಜನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಸಾಲು ಬರೆದೆ. ಬೆಳಕಿನ ಪ್ರತಿಫಲನಕ್ಕೆ ಹುಡುಗಿಗಾಗಿ ರಟ್ಟಿನ ಮೇಲೆ ಗುಂಡುಪಿನ್ನು, ದಾರಗಳ ಕಿರಣಚಿತ್ರ ಮಾಡಿದೆ. ಅವಳು ಎರಡೂ ಕೋನಗಳನ್ನು ಬೆರಳಿನಿಂದ ಅಳೆದು, “ಸಮ ಇದಾವೆ ಮೇಡಂ” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದವರ ಕನ್ನಡಿ ಚಟುವಟಿಕೆ ಹಾಗೆಯೇ ಉಳಿಯಿತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಎರಡನ್ನೂ ಬರೆದಿದ್ದಾರೆ.