ಕೊಟ್ಟಿಗೆಯ ಕೆಂಪು ದೀಪವನ್ನೇ ನಂಬಬೇಡಿ



ಹಾಲು ಕರೆಯುವ ಯಂತ್ರ, ಫ್ಯಾನ್‌ಗಳಿಗೆ ನಿಮ್ಮಲ್ಲಿ ಹಲವರು ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುತ್ತೀರಿ. ಅದರ ಕೆಂಪು ದೀಪ ಉರಿದರೆ ಕರೆಂಟ್ ಬರುತ್ತಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಅದು ತಿಳಿಸದು. ದೀಪ ಆರಿದ್ದರೂ ಅಪಾಯ ತಪ್ಪಿದ್ದಲ್ಲ; ನ್ಯೂಟ್ರಲ್ ತಂತಿ ಕಡಿದಿದ್ದರೆ ದೀಪ ಉರಿಯದು, ಫೇಸ್ ತಂತಿಯಲ್ಲಿ ಮಾತ್ರ ಕರೆಂಟ್ ಇರುತ್ತದೆ.

ಸಾಕೆಟ್ ಖಾಲಿ ಇದೆಯೆಂದು ಮೇವು ಕತ್ತರಿಸುವ ಯಂತ್ರವನ್ನು ಅದಕ್ಕೆ ಸಿಕ್ಕಿಸಬೇಡಿ. 6 ಆಂಪಿಯರ್ ಬಾಕ್ಸ್ ತಡೆಯುವುದು ಒಟ್ಟು ಸುಮಾರು 1,380 ವ್ಯಾಟ್. 2 ಎಚ್‌ಪಿ ಮೋಟಾರ್‌ಗೆ 1,500 ವ್ಯಾಟ್‌ಗೂ ಹೆಚ್ಚು ಬೇಕು. ಅದಕ್ಕೆ ಪ್ರತ್ಯೇಕ ಲೈನ್ ಎಳೆಸಿ.

ಗಂಜಲದಿಂದ ಒದ್ದೆಯಾದ ನೆಲದ ಮೇಲೆ ರಾಸು ನಿಂತಿರುತ್ತದೆ. ಚಪ್ಪಲಿ ಹಾಕಿದ ನಮಗೆ ತಿಳಿಯದಷ್ಟು ಕರೆಂಟ್ ಸೋರಿದರೂ ಅದಕ್ಕೆ ತಟ್ಟುತ್ತದೆ. ಹಸು ಕರೆಯುವಾಗ ಕಾಲು ಎತ್ತಿಹಾಕುತ್ತಿದ್ದರೆ, ತೊಟ್ಟಿಯ ನೀರಿಗೆ ಬಾಯಿ ಹಾಕಲು ಹಿಂಜರಿದರೆ, ಸೊರವು ಬಿಡದಿದ್ದರೆ ಕೆಚ್ಚಲಿನ ಜೊತೆಗೆ ವೈರಿಂಗನ್ನೂ ಪರೀಕ್ಷೆ ಮಾಡಿಸಿ.

ನೆನಪಿಡಿ:

• ಬಾಕ್ಸ್ ನೆಲದ ಮೇಲೆ ಬೇಡ. ರಾಸುಗಳಿಗೆ ಎಟುಕದಂತೆ ಒಣಗಿದ ಗೋಡೆಯ ಮೇಲಿರಲಿ.

• ಮಳೆಗಾಲಕ್ಕೆ ಮೊದಲು ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ.

• ಶಾಕ್ ಹೊಡೆದು ರಾಸು ಬಿದ್ದರೆ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ನಂತರ ಪಶುವೈದ್ಯರನ್ನು ಕರೆಯಿರಿ.