ಕಾಯಿದೆಯೂ ಕಾಫಿಯ ಪೇಟೆಯೂ

ಸರಕಿನ ಧಾರಣೆಯನ್ನು ಬೇಡಿಕೆಯೊಂದೇ ಗೊತ್ತುಮಾಡುವುದೆಂದು ನಂಬಿದವರು ನಮ್ಮ ಕಾಫಿಯ ಚರಿತ್ರೆಯನ್ನು ನೋಡಬೇಕು. ಎರಡನೆಯ ಮಹಾಯುದ್ಧದಿಂದ ಯೂರೋಪಿನ ಪೇಟೆಗಳು ಮುಚ್ಚಿಹೋಗಲು, 1942ರ ಕಾಫಿ ಕಾಯಿದೆಯು ಕೊಡಗು, ಚಿಕ್ಕಮಗಳೂರು, ಹಾಸನ ಮೊದಲಾದ ಸೀಮೆಗಳ ಬೆಳೆಯನ್ನು ಕಾಫಿ ಮಂಡಲಿಯ ಒಂದೇ ರಾಶಿಗೆ ಸೇರಿಸಿತು. ಬೆಳೆಗಾರನಿಗೆ ಮಾರುವ ಚಿಂತೆ ತಪ್ಪಿತು. ಅದರೊಡನೆ ಮಾರುವ ಅಧಿಕಾರವೂ ತಪ್ಪಿತು, ಹಣವು ಕಂತುಕಂತಾಗಿ ಬರುವಂತಾಯಿತು. 1996ರಲ್ಲಿ ಆ ನಿರ್ಬಂಧವು ಪೂರ್ಣವಾಗಿ ತೊಲಗಿತು. ಐದಾರು ವರ್ಷಗಳೊಳಗೆ ಲೋಕದ ಧಾರಣೆಯು ಕುಸಿಯಲು, ಹಿಂದಿನ ಆಸರೆಯಿಲ್ಲದ ಸಣ್ಣ ಬೆಳೆಗಾರನೇ ಹೆಚ್ಚು ನೊಂದನು. ಸ್ವಾತಂತ್ರ್ಯವು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಸಾಲದ ಒತ್ತಾಯಕ್ಕೆ ಫಸಲನ್ನು ಕೂಡಲೇ ಮಾರಬೇಕಾದವನಿಗೆ ಅದು ಹೆಸರಿನ ಸ್ವಾತಂತ್ರ್ಯವಷ್ಟೆ. ಕಾಯಿದೆಯು ಬಾಗಿಲನ್ನು ತೆರೆದರೆ ಸಾಲದು. ಉಗ್ರಾಣ, ಸುಲಭವಾದ ಸಾಲ, ಸಹಕಾರ ಸಂಘ ಇವುಗಳ ಬಲವೂ ಬೆಳೆಗಾರನಿಗೆ ಒದಗಬೇಕು.